ಶರಾವತಿಯಲ್ಲಿ ಕಂಡಕ್ಟರ್ ಸಣ್ಣಪ್ಪ

ಸೊಕ್ಕೆ ಊರಿನ ಸಣ್ಣಪ್ಪ ಜಗಳೂರಿನಿಂದ ಹೊನ್ನಾಳಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ರಸ್ತೆ ಪಕ್ಕ ಯಾರೇ ನಿಂತಿರಲಿ, ಬಿಟ್ಟು ಹೋಗಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಒಮ್ಮೆ ಎಮ್ಮೆ ಹುಡುಕುತ್ತ ನಿಂತಿದ್ದವನೊಬ್ಬ ಇವನ ಒತ್ತಾಯಕ್ಕೆ ಬಸ್ಸು ಹತ್ತಿ, ಸಾಸ್ವೆಹಳ್ಳಿಯ ಕಡೆ ಹೋಗಿ, ಅಲ್ಲೇ ಹೆಣ್ಣು ನೋಡಿ ಮದುವೆಯೂ ಆಗಿದ್ದ.

ಎಪ್ಪತ್ತೆಂಟರ ದೀಪಾವಳಿ ಕಳೆದ ಮೇಲೆ ಬಸ್ಸಿನ ಎಂಜಿನ್ ಕೆಟ್ಟು ಷೆಡ್ ಸೇರಿತು. ಸಣ್ಣಪ್ಪನ ಹೆಂಡತಿ ಉಚ್ಚಂಗಮ್ಮನ ಅಣ್ಣ ಮಲ್ಲೇಶಪ್ಪ ಹೊನ್ನಾವರದಲ್ಲಿ ಮೇಷ್ಟ್ರಾಗಿದ್ದ. ಗಂಡ ಹೆಂಡತಿ ಅವನ ಮನೆಗೆ ಹೋದರು. ಮರುದಿನ ಬೆಳಿಗ್ಗೆ ಮಲ್ಲೇಶಪ್ಪ ಇಬ್ಬರನ್ನೂ ಲಾಂಚು ಹತ್ತಿಸಿ, “ಗೇರುಸೊಪ್ಪೆವರೆಗೆ ಹೊಳೆಯಾಗೆ ಹೋಗಿ ಸಂಜಿಗೆ ಬರ್ರಿ” ಎಂದು ಕಳಿಸಿದ.

ಮಳೆ ನಿಂತು ನೀರು ತಿಳಿಯಾಗಿತ್ತು. ಎಳೆ ಬಿಸಿಲು. ಉಚ್ಚಂಗಮ್ಮ ಮುಂದೆ ಹೋಗಿ ಕೂತಳು. ಸಣ್ಣಪ್ಪ ಕಂಬ ತಬ್ಬಿಕೊಂಡು ನಿಂತ.

“ಲೇ, ಈ ರಸ್ತೆ ಅಲ್ಲಾಡ್ತೈತೆ!”

“ರಸ್ತೆ ಅಲ್ಲ, ನೀರು. ಸುಮ್ನೆ ಕುಂದರ್ರಿ.”

ಜನರೆಲ್ಲ ನೆರಳಿದ್ದ ಕಡೆಯೇ ಕೂತಿದ್ದರಿಂದ ಲಾಂಚು ವಾಲಿತ್ತು. ಸಣ್ಣಪ್ಪನಿಗೆ ತಡೆಯಲಾಗಲಿಲ್ಲ. “ಅರ್ಧ ಮಂದಿ ಆ ಕಡೆ ಸರೀರಿ!” ಎಂದು ಕೂಗಿದ. ಜನ ಸರಿದರು, ಲಾಂಚು ನೆಟ್ಟಗಾಯಿತು, ಅವನ ಹೆದರಿಕೆಯೂ ಹೋಯಿತು. ಅಂಗಿಯೊಳಗೆ ಸೀಟಿ ಇದ್ದೇ ಇತ್ತು. ಮದುವೆ ಮನೆಗೂ ಅದನ್ನು ಕೊರಳಲ್ಲಿ ಹಾಕಿಕೊಂಡೇ ಹೋಗುವವನು ಅವನು.

ಸ್ವಲ್ಪ ದೂರದಲ್ಲಿ ದಂಡೆಯ ಮೇಲೆ ಒಬ್ಬ ನಿಂತಿದ್ದ. ಸಣ್ಣಪ್ಪ ಸೀಟಿ ಊದಿದ. ಚಾಲಕ ಅದು ಯಾವುದೋ ಅಧಿಕಾರಿಯ ಸೀಟಿ ಎಂದುಕೊಂಡು ಲಾಂಚನ್ನು ದಡಕ್ಕೆ ತಂದ.

“ಹತ್ತು, ಹತ್ತು, ಟೈಮಾತು!”

“ನಾ ಎಲ್ಲಿಗೂ ಹೋಗೂದಿಲ್ಲ ಮಾರಾಯ್ರೆ. ಸುಮ್ನೆ ನಿಂತದ್ದು.”

“ಹೋಗಾಕಿಲ್ಲ ಅಂದ್ರೆ ಯಾಕ್ ನಿಂತಿದ್ದಿ?”

ಆತ ನಾಚಿಕೊಂಡು ಹತ್ತಿದ.

ಮುಂದೆ ತೆಂಗಿನ ಗರಿ ಹೊತ್ತಿದ್ದವನು ಸಿಕ್ಕ. ಅರ್ಧ ಗಡ್ಡ ಬೋಳಿಸಿಕೊಂಡು ಇನ್ನರ್ಧಕ್ಕೆ ಸೋಪು ಹಚ್ಚಿಕೊಂಡಿದ್ದವನು ಸಿಕ್ಕ. ಮೊಮ್ಮಗನನ್ನು ಬೈಯುತ್ತ ನಿಂತಿದ್ದ ಅಜ್ಜಿಯೊಬ್ಬಳು ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿ ಹತ್ತಿದಳು. ಎಲ್ಲರಿಗೂ ಸಣ್ಣಪ್ಪನ ಪ್ರಶ್ನೆ ಒಂದೇ. ಎಲ್ಲರೂ ಹತ್ತಿದರು.

ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಇಳಿತಕ್ಕೆ ಹೊಳೆಯ ನೀರೂ ತಗ್ಗಿತು. ಭಾರವಾಗಿದ್ದ ಲಾಂಚು ಹೊಳೆಯ ನಡುವಿನ ಮರಳುದಿಬ್ಬಕ್ಕೆ ಕಚ್ಚಿ ನಿಂತಿತು. ಕೆಟ್ಟು ನಿಂತ ಗಾಡಿ ಸಣ್ಣಪ್ಪನಿಗೆ ಹೊಸತೇ? “ಎಲ್ಲಾರೂ ಇಳೀರಿ, ತಳ್ಳಬೇಕು!”

ಮೊಣಕಾಲುದ್ದ ನೀರಿಗೆ ಎಲ್ಲರೂ ಇಳಿದರು. ಉಚ್ಚಂಗಮ್ಮ ಮಾತ್ರ ಹೊಸ ಸೀರೆ ಎಂದು ಅಲ್ಲಾಡಲಿಲ್ಲ. ಐಸಾ ಎಂದು ತಳ್ಳಿದರು. ಲಾಂಚು ಜಾರಿತು. ಖುಷಿಯಲ್ಲಿ ಸಣ್ಣಪ್ಪ ಎರಡು ಸೀಟಿ ಹೊಡೆದು “ರೈಟ್!” ಎಂದ. ಚಾಲಕ ಹಿಂದೆ ತಿರುಗಿ ನೋಡದೆ ಹೊರಟೇಬಿಟ್ಟ. ಓಡಿ ಫುಟ್‌ಬೋರ್ಡಿಗೆ ಹಾರುವುದು ಸಣ್ಣಪ್ಪನ ರೂಢಿ. ನೀರಿನಲ್ಲಿ ಓಡಲು ಹೋಗಿ ಮುಗ್ಗರಿಸಿ ಬಿದ್ದ. ಎದ್ದು ಸೀಟಿ ಊದಿದರೆ ನೀರು ಬಂತು, ಸದ್ದು ಬರಲಿಲ್ಲ.

ನೀರಿನಿಂದ ಮೇಲೆದ್ದಿದ್ದ ದಿಬ್ಬದ ನೆತ್ತಿಯ ಮೇಲೆ ಜನ ಕೂತರು. ಹತ್ತಿದವರಲ್ಲಿ ಮುಕ್ಕಾಲು ಮಂದಿ ಎಲ್ಲಿಗೂ ಹೊರಟವರಲ್ಲವಾದ್ದರಿಂದ ಅವರಿಗೆ ತಡವಾಗಲಿಲ್ಲ. ಕೆಲವರು ಮರಳು ಕೆದಕಿ ಚಿಪ್ಪು ಆಯ್ದರು. ಆದರೆ ಬಿಸಿಲು ಇಳಿಯುತ್ತಿದ್ದಂತೆ ನೀರು ಏರತೊಡಗಿತು. ಮೊದಲು ಪಾದ, ಆಮೇಲೆ ಮೀನಖಂಡ. ಸಣ್ಣಪ್ಪ ಎಲ್ಲರನ್ನೂ ದಿಬ್ಬದ ಎತ್ತರದ ಕಡೆ ಸರಿಸಿದ. ಈ ಜನರನ್ನೆಲ್ಲ ಕರೆತಂದವನು ತಾನೇ ತಾನೆ. ಅಜ್ಜಿಯನ್ನು ಬೆನ್ನ ಮೇಲೆ ಹೊತ್ತುಕೊಂಡ.

“ಹೆದರಿಕಿ ಆಗ್ತೈತೇನಜ್ಜಿ?”

“ನಂಗೆಂತಕ್ಕೆ? ಒದ್ದೆ ಆಗೂದು ನೀನು.”

ಅಷ್ಟರಲ್ಲಿ ಲಾಂಚು ಕಾಣಿಸಿತು. ಗೇರುಸೊಪ್ಪೆ ಮುಟ್ಟಿದ ಮೇಲೆಯೇ ಚಾಲಕ ಹಿಂತಿರುಗಿ ನೋಡಿದ್ದನಂತೆ. ಉಚ್ಚಂಗಮ್ಮ ಮುಂದೆ ಕೂತು ಚಕ್ಕೋತ ತಿನ್ನುತ್ತಿದ್ದಳು.

“ಎಲ್ರೂ ಅದಾರೇನ್ರಿ?” ಎಂದು ಅವಳೇ ಕೂಗಿದಳು.

ಗೇರುಸೊಪ್ಪೆಗೆ ಹೊರಟಿದ್ದವರು ನಾಳೆ ಹೋದರಾಯಿತು ಎಂದರು. ದಡದಲ್ಲಿ ಹತ್ತಿದ ಒಬ್ಬೊಬ್ಬರನ್ನೂ ಅವರವರು ನಿಂತಿದ್ದ ಜಾಗದಲ್ಲಿಯೇ ಇಳಿಸುತ್ತ ಬಂದರು. ಅರ್ಧ ಗಡ್ಡದವನು ಮಾತ್ರ ಇಳಿಯಲು ಒಪ್ಪದೆ, ಇಷ್ಟು ದೂರ ಬಂದಮೇಲೆ ಹೊನ್ನಾವರ ನೋಡಿಯೇ ಹೋಗುತ್ತೇನೆ ಎಂದ. ರಾತ್ರಿ ಮಲ್ಲೇಶಪ್ಪನ ಮನೆಯಲ್ಲೇ ಉಂಡ.

ಸಣ್ಣಪ್ಪ ಎಂಬತ್ತಾರನೇ ಇಸವಿಯವರೆಗೆ ಅದೇ ಬಸ್ಸಿನಲ್ಲಿದ್ದ. ಗೇರುಸೊಪ್ಪೆಯನ್ನು ನೋಡಲು ಆಮೇಲೂ ಆಗಲೇ ಇಲ್ಲ. ಅಲ್ಲಿ ಏನಿತ್ತೆಂದು ಆಗಾಗ ಹೆಂಡತಿಯನ್ನು ಕೇಳುತ್ತಿದ್ದ. ಅವಳು ಒಮ್ಮೆ ಆನೆ ಇತ್ತು ಎನ್ನುವಳು, ಇನ್ನೊಮ್ಮೆ ಬಂಗಾರದ ಬಣ್ಣದ ಕೊಕ್ಕರೆ ಎನ್ನುವಳು. ಸಣ್ಣಪ್ಪ ಎರಡನ್ನೂ ನಂಬಿ ಬಸ್ಸಿನಲ್ಲಿ ಎಲ್ಲರಿಗೂ ಹೇಳುತ್ತಿದ್ದ.