ಆಲೂರಿನಲ್ಲಿ ತುಂಬಿದ ಅರ್ಜಿ

ನಮ್ಮ ಯಜಮಾನರು ಕೆ. ಹೊಸಕೋಟೆ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಹಾಜರಿ ಪುಸ್ತಕ ಅವರದು. ಕೂಲಿಯವರಿದ್ದ ಲೈನ್ ಮನೆಗಳ ಜ್ವರ, ಜಗಳ, ಅರ್ಜಿ ಎಲ್ಲ ಹೇಗೋ ನನ್ನ ತಲೆಗೆ ಬಂದಿತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅಸ್ಸಾಮಿನಿಂದ ಕೆಲಸಕ್ಕೆ ಬಂದವರಲ್ಲಿ ಅವಳೂ ಒಬ್ಬಳು, ಜೊತೆಗೆ ಪುಟ್ಟ ಮಗಳು. ಅಲ್ಲಿನ ಗಲಭೆಯಲ್ಲಿ ಮನೆ ಸುಟ್ಟಿತ್ತು. ಓಡುವಾಗ ಗಂಡ ಗುಂಪಿನಿಂದ ತಪ್ಪಿಹೋದ. ನಿರಾಶ್ರಿತರ ಶಿಬಿರದಲ್ಲಿ ಮೂರು ವರ್ಷ ಕಾದರೂ ಬರಲಿಲ್ಲ. ಆದರೂ ಪ್ರತಿ ಬೆಳಿಗ್ಗೆ ಬೈತಲೆಗೆ ಸಿಂಧೂರ ಹಚ್ಚಿಕೊಂಡೇ ಅವಳು ಹಾಜರಿಗೆ ನಿಲ್ಲುತ್ತಿದ್ದಳು.

ಅವಳಿಗೆ ರೇಷನ್ ಕಾರ್ಡ್ ಮಾಡಿಸಲು ಆಲೂರಿನ ತಾಲ್ಲೂಕು ಕಚೇರಿಗೆ ಅಲೆದದ್ದು ನೆನೆದರೆ ಈಗಲೂ ಮೊಣಕಾಲು ನೋಯುತ್ತದೆ. ಒಂದು ದಿನ ಸಾಹೇಬರಿಲ್ಲ, ಇನ್ನೊಂದು ದಿನ ಕರೆಂಟಿಲ್ಲ. ನಾಲ್ಕನೇ ಸಲ ಗುಮಾಸ್ತ ಅರ್ಜಿ ನೋಡಿ, "ಗಂಡ ಇದ್ರೆ ಫೋಟೋಕ್ಕೆ ಕರ್ಕೊಂಡ್ ಬನ್ನಿ ಕಣಮ್ಮ. ಇಲ್ಲಾಂದ್ರೆ ತೀರ್ಕೊಂಡವ್ನೆ ಅಂತ ಬರ್ದುಬುಡಿ, ಕೆಲ್ಸ ಆಯ್ತದೆ" ಅಂದ. ಕಾಣೆಯಾದವನಿಗೆ ಆ ಅರ್ಜಿಯಲ್ಲಿ ಜಾಗವೇ ಇರಲಿಲ್ಲ. ಐದನೇ ಸಲ ಬರುವ ಶಕ್ತಿ ನನಗಿರಲಿಲ್ಲ. ಬರೆದುಬಿಟ್ಟೆ. ಪಕ್ಕದಲ್ಲಿದ್ದ ಅವಳಿಗೆ ಓದಲು ಬಾರದು. ಹೆಬ್ಬೆಟ್ಟು ಒತ್ತಿ, ನನ್ನ ಮುಖ ನೋಡಿ ನಕ್ಕಳು. ಬಸ್ಸಿನಲ್ಲಿ ಹೇಳೋಣ ಅಂದುಕೊಂಡೆ; ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದೆ.

ಅದಾದ ತಿಂಗಳಿಗೆ ಗೌರಿ ಹಬ್ಬ. ಲೈನಿನ ಹೆಂಗಸರನ್ನೆಲ್ಲ ಕರೆದು ಅರಿಶಿನ ಕುಂಕುಮ ಕೊಡುವುದು ನಮ್ಮ ಮನೆಯ ರೂಢಿ. ಸಾಲಾಗಿ ಕೂತಿದ್ದರು. ನಾನು ಎದುರಿಗೆ ಬಂದಾಗ ಅವಳು ಹಣೆ ಮುಂದೆ ಮಾಡಿದಳು. ನನ್ನ ಕೈ ಅವಳನ್ನು ದಾಟಿ ಪಕ್ಕದವಳ ಹಣೆಗೆ ಹೋಗಿಬಿಟ್ಟಿತು. ಬೇಕೆಂದು ಮಾಡಿದ್ದಲ್ಲ, ದೇವರಾಣೆ. ನಾನೇ ಬರೆದದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ವರ್ಷದಿಂದ ನಮ್ಮ ನಡುವೆ ಇದ್ದವಳಿಗೆ ಅದರ ಅರ್ಥ ಗೊತ್ತಿತ್ತು.

"ಅಕ್ಕಾ, ಊರಿಂದ ಸುದ್ದಿ ಬಂತಾ?" ಅಂದಳು.

"ಇಲ್ಲ ಮಾರಾಯ್ತಿ, ಏನೂ ಬಂದಿಲ್ಲ" ಅನ್ನುತ್ತ ಅವಸರದಲ್ಲಿ ಕುಂಕುಮ ಇಟ್ಟೆ. ಮೂಗಿನ ಮೇಲೆಲ್ಲ ಉದುರಿತು. ಅವಳು ನಂಬಲಿಲ್ಲ.

ಮರುದಿನ ಹಾಜರಿಯಲ್ಲಿ ಅವಳ ಬೈತಲೆ ಬರಿದಾಗಿತ್ತು. ಸಂಜೆ ನಾಚಿಕೆ ಬಿಟ್ಟು ಲೈನಿಗೆ ಹೋದೆ. ಸುದ್ದಿಗಿದ್ದಿ ಏನೂ ಇಲ್ಲ, ಕಾರ್ಡಿಗೋಸ್ಕರ ನಾನೇ ಅವನು ಸತ್ತನೆಂದು ಬರೆದೆ ಅಂತ ಎಲ್ಲ ಹೇಳಿದೆ. ಮಗಳ ತಲೆ ಬಾಚುತ್ತಲೇ ಕೇಳಿಸಿಕೊಂಡಳು.

"ಕಾರ್ಡ್ ಬರ್ತದಲ್ಲ ಅಕ್ಕಾ?" ಅಂದಳು.

ಬಂತು. ಅಕ್ಕಿಯೂ ಸಿಕ್ಕಿತು. ಸಿಂಧೂರ ಮಾತ್ರ ಅವಳು ಮತ್ತೆ ಹಚ್ಚಿಕೊಳ್ಳಲಿಲ್ಲ.