ಇಳಿದು ಹೋಗಿ ಮಾತಾಡು

ಹಾಸನದಲ್ಲಿ ಮೂವತ್ತು ವರ್ಷದಿಂದ ಕಾರು ಓಡಿಸುವುದನ್ನು ಕಲಿಸುತ್ತಿದ್ದೇನೆ. ನನ್ನ ಕಾರಿನಲ್ಲಿ ಎಡಗಡೆ ಕೂರುವ ನನ್ನ ಕಾಲಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇವೆ. ಕಲಿಯಲು ಬಂದವರನ್ನು ನಾನು ಬೈಯುತ್ತೇನೆ. ಬೈಸಿಕೊಳ್ಳದೆ ಗೇರು ಹಾಕಲು ಕಲಿತವರನ್ನು ನಾನಂತೂ ಕಂಡಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಇಲ್ಲಿ ನಾನು ಒಬ್ಬ ಮನುಷ್ಯನನ್ನು ಬಾಯಿ ತುಂಬ ಬೈಯುವವನಿದ್ದೇನೆ, ಮತ್ತು ಅವನು ಹೇಳಿದ್ದೇ ಸರಿಯಾಗಿತ್ತು.

ಅವನು ನನ್ನ ಹತ್ತಿರ ಕಲಿಯಲು ಬಂದ ಹೆಂಗಸಿನ ಭಾವ, ಅಂದರೆ ಗಂಡನ ಅಣ್ಣ. ಆಕೆ ಅರಕಲಗೂಡು ಕಡೆಯ ಬೇಸಾಯದ ಮನೆಯವಳು, ಕೊಟ್ಟಿದ್ದು ಚನ್ನರಾಯಪಟ್ಟಣಕ್ಕೆ. ಮೂವತ್ತರ ಆಸುಪಾಸು, ಸ್ಕೂಲಿಗೆ ಹೋಗುವ ಒಬ್ಬ ಮಗಳಿದ್ದಳು. ಗಂಡನಿಗೆ ಅಮೆರಿಕದ ಒಂದು ಊರಿನಲ್ಲಿ ಕೆಲಸವಾಗಿ ಅವನು ಆಗಲೇ ಹೋಗಿದ್ದ. ತಾಯಿ ಮಗಳು ಮೂರು ತಿಂಗಳಲ್ಲಿ ಹೊರಡಬೇಕಿತ್ತು. ಮೊದಲ ದಿನ ಯಾಕೆ ಕಲೀಬೇಕು ಅಂತ ಎಲ್ಲರನ್ನೂ ಕೇಳುವ ಹಾಗೆ ಇವಳನ್ನೂ ಕೇಳಿದೆ.

“ಅಲ್ಲಿ ಗಾಡಿ ಓಡ್ಸಕ್ ಬರ್ದಿದ್ರೆ ಹಾಲು ತರಕ್ಕೂ ಗಂಡನ ದಾರಿ ಕಾಯ್ಬೇಕಂತೆ ಸಾ. ನನ್ ಕೈಲಿ ಅಂಗೆ ಕೂರಾಕಾಗಾಕಿಲ್ಲ,” ಅಂದಳು. ತವರಿನಲ್ಲಿ ಟ್ರ್ಯಾಕ್ಟರು ಹತ್ತಿ ಬೆಳೆದ ಹೆಣ್ಣು. ಮನೆಯೊಳಗೆ ಕೂರಿಸಿದರೆ ಒಣಗಿಹೋಗುತ್ತಾಳೆ ಅಂತ ನನಗೆ ಅವತ್ತೇ ಅನ್ನಿಸಿತ್ತು.

ಭಾವ ಅದೇ ಊರಿನಲ್ಲಿ ಬಹಳ ವರ್ಷದಿಂದ ಇದ್ದವನು, ರಜಕ್ಕೆ ಬಂದಿದ್ದ. ಕರೆಯದೇ ಹಿಂದಿನ ಸೀಟಿನಲ್ಲಿ ಕೂತ. ಕೂತವನು ಪಿನ್ನು ಹೊಡೆದ ನಾಲ್ಕು ಹಾಳೆ ಮುಂದಕ್ಕೆ ಚಾಚಿದ. ಹೊರದೇಶದಿಂದ ಬಂದವರು ಆ ಊರಿನಲ್ಲಿ ಗಾಡಿ ಹೇಗೆ ಓಡಿಸಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವ ನಿಯಮಗಳಂತೆ. ಇದರ ಪ್ರಕಾರ ಕಲಿಸಿ ಅಂದ. ಆಮೇಲೆ ಶಿಷ್ಯೆಯ ಎದುರಿಗೇ ನಿಮಗೆ ಇಂಗ್ಲಿಷ್ ಓದೋಕೆ ಬರುತ್ತಲ್ವಾ ಅಂತ ಕೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಬರುತ್ತದೆ, ನಿಧಾನವಾಗಿ ಬರುತ್ತದೆ. ಆ ನಿಧಾನ ಅವನಿಗೆ ಹೇಗೋ ಗೊತ್ತಾಗಿಬಿಟ್ಟಿತ್ತು.

ಮೂರು ದಿನ ಸಾಲಗಾಮೆ ರಸ್ತೆಯಲ್ಲಿ ಅವನ ಕಾಟ ತಡೆದುಕೊಂಡೆ. ಅಡ್ಡರಸ್ತೆ ಸಿಕ್ಕಿದಲ್ಲೆಲ್ಲ ಪೂರ್ತಿ ನಿಲ್ಲಿಸಿ ಹೊರಡು ಅನ್ನುತ್ತಿದ್ದ. ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ, ಆದರೂ ನಿಲ್ಲಿಸಬೇಕು. ನಮ್ಮ ಹಿಂದೆ ಬರುತ್ತಿದ್ದ ಹಾಲಿನ ವ್ಯಾನಿನವನು ಹಾರ್ನು ಒತ್ತಿ ಒತ್ತಿ ನನ್ನ ವಂಶವನ್ನೇ ನೆನೆಸಿದ. ಕೆಂಪು ಬಳಿದ ಅಂಚಿಗೆ ಗಾಡಿ ನಿಲ್ಲಿಸಬಾರದು, ಬೆಂಕಿ ಆರಿಸುವ ನೀರಿನ ನಲ್ಲಿಯ ಪಕ್ಕ ನಿಲ್ಲಿಸಬಾರದು, ರಸ್ತೆ ಗುಡಿಸುವ ದಿನ ಆ ಬದಿಗೆ ನಿಲ್ಲಿಸಬಾರದು, ಇಳಿಜಾರಿನಲ್ಲಿ ನಿಲ್ಲಿಸಿದರೆ ಚಕ್ರವನ್ನು ಅಂಚಿನ ಕಡೆ ತಿರುಗಿಸಿಡಬೇಕು. ರಸ್ತೆ ಗುಡಿಸುವ ದಿನ ಇಲ್ಲಿ ಯಾವುದು ಅಂತ ಗುಡಿಸುವವರಿಗೇ ಗೊತ್ತಿರಲ್ಲ ಅಂದೆ. ನಗಲಿಲ್ಲ. ನಮ್ಮಲ್ಲಿ ಹಾಗಿಲ್ಲ ಅಂದ. ನಮ್ಮಲ್ಲಿ ಅಂದರೆ ಅಲ್ಲಿ. ಚನ್ನರಾಯಪಟ್ಟಣದಲ್ಲಿ ಹುಟ್ಟಿದವನು ಅಮೆರಿಕವನ್ನು ನಮ್ಮಲ್ಲಿ ಅನ್ನುವುದನ್ನು ಕೇಳಿ ಹಲ್ಲು ಕಚ್ಚಿಕೊಂಡೆ.

ಮೂರನೆಯ ದಿನ ರಸ್ತೆಯ ಮೇಲೆ ಹುರುಳಿ ಹರಡಿದ್ದರು. ಗಾಡಿಗಳು ತುಳಿದು ಕಾಳು ಉದುರಲಿ ಅಂತಲೇ ಹರಡುವುದು, ಅದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಆಕೆ ಸಲೀಸಾಗಿ ಹತ್ತಿಸಲು ಹೋದಳು. ಹಿಂದಿನಿಂದ ಇವನು ನಿಲ್ಲಿಸು ನಿಲ್ಲಿಸು ಅಂತ ಕೂಗಿಕೊಂಡ. ಬೇರೆಯವರ ಆಸ್ತಿಯ ಮೇಲೆ ಗಾಡಿ ಹತ್ತಿಸಬಾರದಂತೆ. ಆಕೆ ಗಾಬರಿಯಾಗಿ ಬ್ರೇಕು ಒತ್ತಿದಳು, ಗಾಡಿ ಆಫ್ ಆಯಿತು, ಹುರುಳಿಯ ಯಜಮಾನಿ ಯಾಕ್ ನಿಲ್ಸಿದ್ರಿ ಓಗ್ರಿ ಮುಂದಕ್ಕೆ ಅಂತ ಬಂದಳು. ನಾನು ಹಿಂದಕ್ಕೆ ತಿರುಗಿ ಇದು ನನ್ನ ಗಾಡಿ, ಇಳಿಯಿರಿ ಅಂದೆ. ಇಳಿದು ಬಸ್ಸಿಗೆ ಕಾಯುತ್ತ ನಿಂತ. ಮಾರನೆಯ ದಿನದಿಂದ ಬರಲಿಲ್ಲ. ಅಷ್ಟು ಸಂತೋಷ ನನಗೆ ಆ ವರ್ಷ ಇನ್ಯಾವುದರಿಂದಲೂ ಆಗಲಿಲ್ಲ.

ಹಾಳೆಗಳು ಕಾರಿನಲ್ಲೇ ಉಳಿದವು. ಎರಡು ಪುಟ ಓದಿದ್ದೆ, ಎರಡರಲ್ಲೂ ಬರೀ ಗಾಡಿ ನಿಲ್ಲಿಸುವ ಜಾಗದ ರಗಳೆ. ಉಳಿದೆರಡನ್ನು ಓದಲಿಲ್ಲ. ಓದಲು ಪುರುಸೊತ್ತಿರಲಿಲ್ಲ ಅಂದರೆ ಸುಳ್ಳು. ಓದಿದರೆ ಅವನು ಗೆದ್ದ ಹಾಗೆ ಅನ್ನಿಸಿತು. ಜಡಿಮಳೆ ಹಿಡಿದ ಬೆಳಿಗ್ಗೆಗಳಲ್ಲಿ ಗಾಜಿನ ಒಳಗೆ ಮಂಜು ಕಟ್ಟಿದರೆ ಅವೇ ಹಾಳೆಗಳಿಂದ ಒರೆಸುತ್ತಿದ್ದೆ.

ಆಮೇಲೆ ನನ್ನ ಪಾಠ ಶುರುವಾಯಿತು. ನಾನು ಎಲ್ಲರಿಗೂ ಕಲಿಸುವ ಒಂದು ಪಾಠವಿದೆ, ಬೇರೆ ಯಾವ ಸ್ಕೂಲಿನವರೂ ಕಲಿಸುವುದಿಲ್ಲ. ಪೊಲೀಸರು ಕೈ ತೋರಿಸಿದರೆ ಏನು ಮಾಡಬೇಕು ಅನ್ನುವುದು. ನಾನೇ ಕಾರಿನಿಂದ ಇಳಿದು ಐವತ್ತು ಹೆಜ್ಜೆ ಮುಂದೆ ಹೋಗಿ ಪೊಲೀಸನಾಗಿ ನಿಲ್ಲುತ್ತಿದ್ದೆ. ಕಲಿಯುವವರು ಎಡಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಇಳಿದು, ಬಾಗಿಲು ಹಾಕಿ, ಕಾಗದ ಪತ್ರ ಹಿಡಿದು ನನ್ನ ಹತ್ತಿರಕ್ಕೆ ನಡೆದು ಬಂದು ನಮಸ್ಕಾರ ಸಾ ಅನ್ನಬೇಕು. ಸೀಟಿನಲ್ಲೇ ಕೂತು ಕಿಟಕಿಯಿಂದ ಕೈ ಆಡಿಸಿದರೆ ಬಿಸಿಲಲ್ಲಿ ನಿಂತವನ ಪಿತ್ತ ನೆತ್ತಿಗೇರುತ್ತದೆ. ಇಳಿದು ಹೋಗಿ ಮಾತಾಡಿದರೆ ಅರ್ಧ ಕೆಲಸ ಆದ ಹಾಗೆ. ದೂರದಿಂದ ಮಾತಾಡುವುದು ಮರ್ಯಾದೆಯಲ್ಲ, ಹತ್ತಿರ ಹೋಗಬೇಕು ಅಂತ ಹೇಳುತ್ತಿದ್ದೆ. ಆಕೆಗೂ ಹೇಳಿದೆ. ಇಬ್ಬರು ಹೆಂಗಸರಿಗೆ ಮಾಡಿಸುವಷ್ಟು ಸಲ ಅವಳೊಬ್ಬಳಿಗೇ ಮಾಡಿಸಿದೆ, ಪರದೇಶದಲ್ಲಿ ಯಾರೂ ಅವಳ ಮೇಲೆ ರೇಗಬಾರದು ಅಂತ.

ಇಲ್ಲಿ ಒಂದೇ ಸಲಕ್ಕೆ ಪಾಸಾದಳು. ಎಲೆ ಅಡಿಕೆ, ಬಾಳೆಹಣ್ಣು ತಂದು ಕೊಟ್ಟು ಕಾಲಿಗೆ ನಮಸ್ಕಾರ ಮಾಡಿ ಹೋದಳು. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕಲ್ಲ, ಎರಡು ಸಲ ಫೇಲಾಗಿ ಮೂರನೆಯದಕ್ಕೆ ಪಾಸಾದಳು. ಒಂದು ಕೆಂಪು ಕಾರಿನ ಪಕ್ಕ ನಿಂತ ಫೋಟೊ ಕಳಿಸಿ, ಇವತ್ತು ನಾನೇ ಹೋಗಿ ಹಾಲು ತಂದೆ ಸಾ ಅಂತ ಬರೆದಿದ್ದಳು. ಆ ಫೋಟೊವನ್ನು ನಾನು ಟೀ ಅಂಗಡಿಯವನಿಂದ ಹಿಡಿದು ಎಲ್ಲರಿಗೂ ತೋರಿಸಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಫೋನು ಬಂತು. ಮಗಳನ್ನು ಸ್ಕೂಲಿನಿಂದ ಕರೆದುಕೊಂಡು ಬರುವಾಗ ಒಂದು ಅಡ್ಡರಸ್ತೆಯಲ್ಲಿ ಪೂರ್ತಿ ನಿಲ್ಲಿಸದೆ ಮುಂದೆ ಹೋಗಿದ್ದಳಂತೆ. ಹಿಂದಿನಿಂದ ಪೊಲೀಸ್ ಕಾರು ದೀಪ ಹಾಕಿಕೊಂಡು ಬಂತು. ಬದಿಗೆ ನಿಲ್ಲಿಸಿದಳು, ಹ್ಯಾಂಡ್‌ಬ್ರೇಕು ಎಳೆದಳು, ಇಳಿದಳು, ಬಾಗಿಲು ಹಾಕಿದಳು, ಕಾಗದ ಹಿಡಿದು ಅವನ ಕಡೆ ನಡೆದಳು. ಅವನು ಏನೋ ಕಿರುಚಿದ. ದೂರದಿಂದ ಮಾತಾಡುವುದು ಮರ್ಯಾದೆಯಲ್ಲ ಅಂತ ಇನ್ನೆರಡು ಹೆಜ್ಜೆ ಹತ್ತಿರ ಹೋದಳು. ಅವನು ಪಿಸ್ತೂಲು ಎತ್ತಿ ಹಿಡಿದ. ಅವಳ ಕೈಯನ್ನು ತಲೆಯ ಹಿಂದೆ ಇಡಿಸಿ ಟಾರಿನ ಮೇಲೆ ಮಂಡಿ ಊರಿಸಿದ. ಕಾರಿನ ಹಿಂದಿನ ಗಾಜಿನಿಂದ ಮಗಳು ಎಲ್ಲ ನೋಡಿದಳು. ಕೊನೆಗೆ ತಪ್ಪಾಗಿ ತಿಳಿದೆ ಅಂತ ಬಿಟ್ಟು ಕಳಿಸಿದನಂತೆ. ಅವತ್ತಿನಿಂದ ಅವಳು ಕಾರಿನ ಕೀ ಮುಟ್ಟಿಲ್ಲ. ಹಾಲಿಗೆ ಗಂಡನ ದಾರಿ ಕಾಯುತ್ತಾಳೆ.

“ನೀವು ಯೇಳ್ಕೊಟ್ಟಂಗೇ ಮಾಡ್ದೆ ಸಾ,” ಅಂದಳು. ಅದರಲ್ಲಿ ದೂರು ಇರಲಿಲ್ಲ. ಎಲ್ಲಿ ತಪ್ಪಿದೆ ಹೇಳಿ ಅಂತ ಶಿಷ್ಯೆ ಕೇಳುವ ಹಾಗೆ ಕೇಳುತ್ತಿದ್ದಳು.

ನಾನು ಫೋನಿಟ್ಟು ಬೈದೆ. ಆ ಪೊಲೀಸನನ್ನು ಬೈದೆ, ಕೈ ಮುಗಿಯಲು ಬಂದವಳ ಮೇಲೆ ಪಿಸ್ತೂಲು ಎತ್ತುವ ಆ ದೇಶವನ್ನು ಬೈದೆ, ಭಾವನನ್ನಂತೂ ಯಾಕೆ ಅಂತ ಗೊತ್ತಿಲ್ಲದೆ ಬೈದೆ. ಆಮೇಲೆ ಹೋಗಿ ಕಾರಿನಲ್ಲಿ ಹುಡುಕಿದೆ. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಕೊನೆಯ ಹಾಳೆ ಒಂದೇ ಇತ್ತು, ಮುದ್ದೆಯಾಗಿ. ಬಿಡಿಸಿ ಕಣ್ಣಿಗೆ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಓದಿದೆ. ಪೊಲೀಸರು ನಿಲ್ಲಿಸಿದರೆ ಕಾರಿನಿಂದ ಇಳಿಯಬೇಡಿ, ಎರಡೂ ಕೈ ಸ್ಟೇರಿಂಗಿನ ಮೇಲೆ ಕಾಣುವಂತೆ ಇಟ್ಟುಕೊಳ್ಳಿ, ಕೇಳದೆ ಯಾವುದಕ್ಕೂ ಕೈ ಹಾಕಬೇಡಿ. ಅದರ ಸುತ್ತ ಅವನು ಪೆನ್ನಿನಲ್ಲಿ ಗೆರೆ ಎಳೆದಿದ್ದ. ನನಗೆ ಹೇಳಿರಲಿಲ್ಲ ಅನ್ನುವ ಹಾಗೂ ಇಲ್ಲ.

ಮಾರನೆಯ ವರ್ಷ ಆಕೆ ತಾಯಿಯನ್ನು ನೋಡಲು ಊರಿಗೆ ಬಂದಳು. ಒಂದು ಬೆಳಿಗ್ಗೆ ನನ್ನ ಸ್ಕೂಲಿನ ಮುಂದೆ ಕಾರು ನಿಂತಿತು. ಓಡಿಸುತ್ತಿದ್ದವನು ಭಾವ, ಅವನೂ ರಜಕ್ಕೆ ಬಂದಿದ್ದ. ಅವಳನ್ನು ಇಳಿಸಿದ, ನನ್ನನ್ನು ನೋಡಿದ, ಒಂದು ಮಾತೂ ಆಡದೆ ಹೋದ. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಆ ಮನುಷ್ಯನಿಗೆ ಬೈಯುವ ಸೌಜನ್ಯವೂ ಇರಲಿಲ್ಲ.

ಆಕೆ ಸೊರಗಿಹೋಗಿದ್ದಳು. ಪಕ್ಕದಲ್ಲಿ ಕೂತ್ಕೊಳ್ಳಿ ಸಾ, ಒಂದ್ ಸಲ ಓಡಿಸ್ತೀನಿ, ಆಗ್ದಿದ್ರೆ ಬಿಟ್ಬುಡ್ತೀನಿ ಅಂದಳು. ಬಿಟ್ಟುಬಿಡುವುದು ಅಂದರೆ ಜನ್ಮಕ್ಕೇ ಬಿಟ್ಟುಬಿಡುವುದು ಅಂತ ಇಬ್ಬರಿಗೂ ಗೊತ್ತಿತ್ತು. ಹೊಳೆನರಸೀಪುರ ದಾಟಿ ಹಳ್ಳಿಮೈಸೂರಿನ ತನಕ ಹೋಗಿ ಬರೋಣ ಅಂದೆ. ನನ್ನ ಕಡೆಯ ಬ್ರೇಕಿನ ಮೇಲೆ ಕಾಲಿಟ್ಟು ಕೂತೆ. ಬೈಯಲಿಲ್ಲ. ಹೊಳೆನರಸೀಪುರದ ತನಕ ಮೂರನೇ ಗೇರಿನಲ್ಲೇ ಓಡಿಸಿದಳು. ದಾಟಿದ ಮೇಲೆ ನಾಲ್ಕನೇ ಗೇರಿಗೆ ತಾನೇ ಹಾಕಿದಳು.

ಅಲ್ಲಿಂದ ಸ್ವಲ್ಪ ದೂರದಲ್ಲಿ ಚೆಕಿಂಗು. ಹುಣಸೆ ಮರದ ನೆರಳಿನಲ್ಲಿ ನಿಂತಿದ್ದ ಪೊಲೀಸಿನವನು ಕೈ ತೋರಿಸಿದ. ಆಕೆ ಎಡಕ್ಕೆ ನಿಲ್ಲಿಸಿ ಹ್ಯಾಂಡ್‌ಬ್ರೇಕು ಎಳೆದಳು. ಆಮೇಲೆ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಕಣ್ಣು ಮಿಟುಕಿಸದೆ ಮುಂದಕ್ಕೆ ನೋಡುತ್ತ ಕೂತುಬಿಟ್ಟಳು. ನಮ್ಮ ಮುಂದಿನ ಗಾಡಿಯವನು ಆಗಲೇ ಇಳಿದು ಕಾಗದ ಹಿಡಿದು ಓಡುತ್ತಿದ್ದ. ಪೊಲೀಸಿನವನು ಇದ್ದಲ್ಲಿಂದಲೇ ಬೆರಳಾಡಿಸಿ ನಮ್ಮನ್ನೂ ಕರೆದ. ನನ್ನ ಕೈ ಬಾಗಿಲಿನ ಹಿಡಿಗೆ ಹೋಗಿತ್ತು. ಮೂವತ್ತು ವರ್ಷದ ಅಭ್ಯಾಸ. ಆ ಕೈ ತೆಗೆದೆ.

“ಇಳೀಬ್ಯಾಡ ಕಣಮ್ಮ. ಅವ್ನೇ ಬರ್ಲಿ,” ಅಂದೆ.

ಬಂದ. ಉರಿದುಕೊಂಡೇ ಬಂದ. ಇಳಿಯೋಕೇನು ರೋಗ, ದೊಡ್ಡ ಮನುಷ್ಯರಾ ಅಂತ ಕೂಗುತ್ತ ಕಿಟಕಿಗೆ ಬಗ್ಗಿದ. ಕಾರಿನ ಮೇಲಿನ ಬೋರ್ಡು ನೋಡಿ, ಆಮೇಲೆ ನನ್ನನ್ನು ನೋಡಿ, ಇಂಗಾ ನೀವು ಕಲ್ಸಿರಾದು ಅಂತ ಕೇಳಿದ. ನಾನೇ ಕಲಿಸಿದ್ದು ಸಾ ಅಂದೆ. ಕಾಗದ ತೆಗೀರಿ ಅಂದ.

ಕಾಗದ ಅವಳ ಪಕ್ಕದಲ್ಲೇ, ಬಾಗಿಲಿನ ಗೂಡಿನಲ್ಲಿತ್ತು. ಆಕೆ ಅಲ್ಲಾಡಲಿಲ್ಲ. ಮುಂದಕ್ಕೆ ನೋಡುತ್ತಲೇ, ಸಣ್ಣ ದನಿಯಲ್ಲಿ, ತಪ್ಪಿಲ್ಲದೆ ಪಾಠ ಒಪ್ಪಿಸುವವಳ ಹಾಗೆ ಕೇಳಿದಳು.

“ಕೈ ತೆಗೀಬೌದಾ ಸಾ?”

ಪೊಲೀಸಿನವನು ನಕ್ಕ. ಅವನು ನಕ್ಕಿದ್ದಕ್ಕೆ ಅವನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಹಿಂದಿನ ವರ್ಷವಾಗಿದ್ದರೆ ನಾನೂ ನಗುತ್ತಿದ್ದೆ. ತೆಗೀಯಮ್ಮ ಅಂದೆ. ಅವಳು ತೆಗೆಯಲಿಲ್ಲ. ಅವಳು ಕೇಳಿದ್ದು ನನ್ನನ್ನಲ್ಲ. ಆತ ನಗು ನಿಲ್ಲಿಸಿ ತೆಗೀರಿ ಅನ್ನುವ ತನಕ ಆ ಎರಡು ಕೈ ಅಲ್ಲೇ ಇದ್ದವು.