ಹತ್ತದ ಹಿಲಾಲು

ದೆವ್ವ, ದೃಷ್ಟಿ, ಶಕುನ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ರೋಣದಲ್ಲಿ ನನ್ನದು ಮೋಟರ್ ರಿಪೇರಿ ಅಂಗಡಿ. ಪಂಪಿಗೆ ನಿಂಬೆಹಣ್ಣು ಕಟ್ಟಿ, ಪಂಪು ಸುಟ್ಟುಹೋದ ಮೇಲೆ ನನ್ನ ಹತ್ತಿರ ಹೊತ್ತು ತರುವ ಮಹಾನುಭಾವರನ್ನು ದಿನಾ ನೋಡುತ್ತೇನೆ. ಈಗ ಹೇಳುವುದನ್ನು ಅವರ ಮುಂದೆ ಬಾಯಿಬಿಟ್ಟಿಲ್ಲ. ನೀವು ನಗುವುದಾದರೆ ನಕ್ಕುಬಿಡಿ.

ಮೂರು ವರ್ಷದ ಹಿಂದೆ ಮಗಳ ನಿಶ್ಚಿತಾರ್ಥ, ಮನೆಯ ಹಿಂದಿನ ತೋಟದಲ್ಲಿ, ಸಂಜೆ. ಶುಭಕಾರ್ಯಕ್ಕೆ ಹಿಲಾಲು ಹಚ್ಚುವುದು ನಮ್ಮ ಮನೆಯ ರೂಢಿ. ಕೋಲಿಗೆ ಅರಿವೆ ಸುತ್ತಿದ ಆ ಹೊಗೆಯ ಹಿಲಾಲು ಯಾರಿಗೆ ಬೇಕು? ಉದ್ದ ಕೋಲಿನ ತುದಿಗೆ ಎಣ್ಣೆ ಡಬ್ಬಿ, ಬತ್ತಿ ಇರುವ ಹೊಸ ನಮೂನೆಯವನ್ನು ಹನ್ನೊಂದು ತರಿಸಿದೆ. ಅಪ್ಪನ ಕಾಲದಿಂದ ನಮಗೆ ಹಿಲಾಲು ಕಟ್ಟಿಕೊಡುತ್ತಿದ್ದ ಹುಸೇನಸಾಬರು ಅವನ್ನು ನೆಡಲು ಬಂದವರು, ಸುತ್ತ ನೋಡಿ ಕೇಳಿದರು:

“ಅಣ್ಣಾರ, ಮೊದಲನೇ ಎಣ್ಣಿ ಮನಿ ಮಗಳ, ಯಜಮಾನನ ಅಕ್ಕ-ತಂಗಿನ ಹಾಕಬೇಕಲ್ರಿ. ಗಿರಿಜವ್ವ ಬಂದಿಲ್ಲೇನ್ರಿ?”

ಗಿರಿಜಾ ನನ್ನ ತಂಗಿ. ನಾನು ಬೇಡವೆಂದವನನ್ನೇ ಮದುವೆಯಾಗಿ ನರೇಗಲ್ಲಿನಲ್ಲಿದ್ದಾಳೆ. ಒಂಬತ್ತು ವರ್ಷ ಮಾತು ಬಿಟ್ಟಿದ್ದೆ. ಕಾರ್ಯಕ್ಕೂ ಕರೆದಿರಲಿಲ್ಲ.

“ಬತ್ತಿಗೆ ಅಕ್ಕ-ತಂಗಿ ತಿಳಿತೈತೇನ್ರಿ ಸಾಬರ? ಸುಮ್ನ ಎಣ್ಣಿ ಹಾಕ್ರಿ,” ಎಂದೆ.

ಬೀಗರು ಬರಲು ಒಂದು ತಾಸಿತ್ತು. ಒಂದೂ ಹತ್ತಲಿಲ್ಲ. ಬತ್ತಿ ನೆನೆದಿಲ್ಲವೆಂದು ಡಬ್ಬಿ ಬೋರಲು ಹಿಡಿದೆ. ತುದಿ ಕತ್ತರಿಸಿ ಅರ್ಧ ಬೆರಳು ಮೇಲೆಳೆದೆ. ಎಣ್ಣೆಯಲ್ಲಿ ನೀರಿದೆಯೇನೋ ಎಂದು ಗಾಜಿನ ಲೋಟಕ್ಕೆ ಸುರಿದು ನೋಡಿದೆ, ಇರಲಿಲ್ಲ. ಮುಚ್ಚಳದ ಗಾಳಿತೂತಿಗೆ ಸೂಜಿ ಹಾಕಿದೆ. ಗಾಳಿಗೆ ಅಡ್ಡ ಜಮಖಾನೆ ಹಿಡಿಸಿದೆ. ಎರಡು ಪೆಟ್ಟಿಗೆ ಕಡ್ಡಿ ಮುಗಿದವು. ಕತ್ತರಿಸಿ ಎಸೆದ ಬತ್ತಿಯ ತುಂಡು ಮಾತ್ರ ಕಡ್ಡಿ ತಾಗಿ ನೆಲದ ಮೇಲೆ ಚೆನ್ನಾಗಿ ಉರಿಯಿತು. ಹುಸೇನಸಾಬರು ಬೇಲಿಯ ಹತ್ತಿರ ಕೂತು ದಾರಿಯ ಕಡೆ ನೋಡುತ್ತಿದ್ದರು. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಬಂತು.

ಆಗ ಗಿರಿಜಾ ಹಿತ್ತಲ ಬಾಗಿಲಿನಿಂದ ಬಂದಳು. ನನ್ನ ಹೆಂಡತಿ ನನಗೆ ಹೇಳದೆ ಮಧ್ಯಾಹ್ನವೇ ಫೋನ್ ಮಾಡಿದ್ದಳಂತೆ. ನಾನು ಮುಖ ತಿರುಗಿಸಿದೆ. ಅವಳು ಮೊದಲನೇ ಡಬ್ಬಿಗೆ ಒಂದು ಚಮಚ ಎಣ್ಣೆ ಹಾಕಿದಳು, ಅದೇ ಕ್ಯಾನಿನ ಎಣ್ಣೆ. ಹುಸೇನಸಾಬರು ಕಡ್ಡಿ ಗೀರಿದರು. ಹತ್ತಿತು. ಅವಳು ಮುಟ್ಟದ ಉಳಿದ ಹತ್ತೂ ಒಂದೊಂದೇ ಕಡ್ಡಿಗೆ ಹತ್ತಿದವು.

“ಅಣ್ಣಾ, ಬರ್ತೀನಿ,” ಅಂದಳು. ನಾನು ಇರು ಎನ್ನಲಿಲ್ಲ. ಒಂದು ಲೋಟ ನೀರೂ ಕುಡಿಯದೆ ಹೋದಳು.

ಮದುವೆ ಬೀಗರ ಊರಲ್ಲಾಯಿತು, ಹಿಲಾಲು ಅಟ್ಟದಲ್ಲೇ ಉಳಿದವು. ಅಂದು ಬತ್ತಿ ತಡವಾಗಿ ನೆನೆದಿರಬೇಕು ಎಂದುಕೊಂಡಿದ್ದೆ. ಸರಿ. ಹಾಗಾದರೆ ಈಗ ಬಸುರಿ ಮಗಳ ಕುಬಸಕ್ಕೆಂದು ಹೊರತೆಗೆದ ಅವೇ ಹನ್ನೊಂದು ಮೂರು ದಿನದಿಂದ ಯಾಕೆ ಹತ್ತುತ್ತಿಲ್ಲ? ಎಣ್ಣೆ ಹೊಸದು, ಬತ್ತಿ ಹೊಸದು, ತೂತು ಸ್ವಚ್ಛ. ನನಗೆ ತಿಳಿಯುತ್ತಿಲ್ಲ. ಗಿರಿಜಾಳ ನಂಬರನ್ನು ಹೆಂಡತಿ ಬರೆದು ನನ್ನ ಕನ್ನಡಕದ ಕೆಳಗೆ ಇಟ್ಟಿದ್ದಾಳೆ. ಕರೆದರೆ ಬರುತ್ತಾಳೆ, ಅದೂ ಗೊತ್ತು. ಆದರೆ ಬತ್ತಿ ಹತ್ತಲಿಲ್ಲವೆಂದು ತಂಗಿಯನ್ನು ಕರೆಯುವ ಮೂರ್ಖ ನಾನಲ್ಲ. ನಾಳೆ ಇನ್ನೊಂದು ಸಲ ಬತ್ತಿ ಬದಲಿಸಿ ನೋಡುತ್ತೇನೆ.